ಚೊಚ್ಚಲಿಗೆ ತವರಿಗೆ ಬರಬೇಡ

ಥಾಯ್ ಬಿನ್
೧೨ ನವೆಂಬರ್ ೨೦೦೩

ಪ್ರೀತಿಯ ಮಗಳು ಥೋಮ್‌ಗೆ,

ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಇರುವ ಹಾಗೆ ಇದ್ದೇವೆ. ನೀನು, ಅಳಿಯ ವಿನ್, ನಿಮ್ಮತ್ತೆ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆದರೆ ಊಟ ಬಿಡಬೇಡ. ಮೊದಲು ಕೊಯ್ಲು ಬಂತು, ಆಮೇಲೆ ಒಕ್ಕಣೆ, ಆಮೇಲೆ ಹಂದಿ ಮರಿ ಹಾಕಿತು, ಆಮೇಲೆ ಪೆನ್ನಿನ ಶಾಯಿ ಮುಗಿಯಿತು. ಎಲ್ಲ ನಿಜವೇ. ಮನಸ್ಸಿದ್ದಿದ್ದರೆ ಇದ್ದಿಲಿನಲ್ಲಾದರೂ ಬರೆಯಬಹುದಿತ್ತು ಅಂತ ನೀನು ಅನ್ನುವ ಮೊದಲು ನಾನೇ ಅಂದುಬಿಡುತ್ತೇನೆ.

ಫೋನ್ ಮಾಡಬಾರದಾ ಅಂತೀಯ. ನಮ್ಮೂರ ಅಂಚೆಕಚೇರಿಯಲ್ಲಿ ಇರುವುದು ಒಂದು ಫೋನು, ಅದರ ಸುತ್ತ ಊರಿನ ಕಿವಿಗಳೆಲ್ಲ ಬೆಂಚು ಹಾಕಿಕೊಂಡು ಕೂತಿರುತ್ತವೆ. ಹಲೋ ಅನ್ನುವಷ್ಟರಲ್ಲಿ ನಿನಗೆ ಎಷ್ಟು ತಿಂಗಳು, ನಿನ್ನ ಕಾಲು ಊದಿದೆಯಾ ಇಲ್ಲವಾ ಅಂತ ಕೊನೇ ಓಣಿಯವರೆಗೂ ಸುದ್ದಿ ಹೋಗಿರುತ್ತದೆ. ಕಾಗದವೇ ವಾಸಿ.

ಈಗ ವಿಷಯಕ್ಕೆ ಬರುತ್ತೇನೆ. 'ಅಮ್ಮಾ, ಚೊಚ್ಚಲ ಹೆರಿಗೆ. ಕರಕೊಂಡು ಹೋಗೋಕೆ ಯಾವಾಗ ಬರ್ತೀಯ?' ಅಂತ ಕೇಳಿದ್ದೀಯ. ಮಗಳು ಬಾಯಿಬಿಟ್ಟು ಕೇಳಬೇಕಾದ ಮಾತಲ್ಲ ಅದು. ಏಳನೇ ತಿಂಗಳು ಬೀಳುತ್ತಿದ್ದ ಹಾಗೆ ನಾನೇ ಅಂಟಕ್ಕಿಯ ಅನ್ನ, ಬೇಯಿಸಿದ ಹುಂಜ ಹೊತ್ತುಕೊಂಡು ಹಾಯ್‌ಫೋಂಗ್‌ಗೆ ಬಂದು, ನಿಮ್ಮತ್ತೆಯ ಮುಂದೆ ಕೂತು, 'ಮಗಳನ್ನ ಕಳಿಸಿಕೊಡಿ' ಅಂತ ಕೇಳಬೇಕಿತ್ತು. ಮೊದಲ ಹೆರಿಗೆಗೆ ಮಗಳನ್ನು ಕರೆಯದ ತಾಯಿಯನ್ನು ನಮ್ಮೂರಲ್ಲಿ ನಾನು ಕಂಡಿಲ್ಲ. ನೀನು ಹುಟ್ಟಿದ್ದೂ ನನ್ನ ತವರಿನಲ್ಲೇ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟುಕೊಂಡು.

ಆದರೂ ಹೇಳುತ್ತೇನೆ, ಬರಬೇಡ.

ಸೆಪ್ಟೆಂಬರ್ ಬಿರುಗಾಳಿಗೆ ನಡುಮನೆಯ ಹೆಂಚು ಹಾರಿಹೋಗಿವೆ, ಮಂಚದ ಮೇಲೆ ಮಲಗಿದರೆ ಆಕಾಶ ಕಾಣುತ್ತದೆ. ಊರಿನ ಆರೋಗ್ಯ ಕೇಂದ್ರದ ನರ್ಸಮ್ಮ ತನ್ನ ಮಗನ ಮದುವೆ ಅಂತ ಹೋದವಳು ಇನ್ನೂ ಬಂದಿಲ್ಲ. ಅಲ್ಲಿ ನಿಮಗೆ ದೊಡ್ಡ ಆಸ್ಪತ್ರೆ ಇದೆ, ದೀಪ ಇದೆ, ಬಿಸಿನೀರಿದೆ. ನಿಮ್ಮತ್ತೆ ಏಡಿ ಸಾರಿನ ಅಂಗಡಿ ಇಟ್ಟಿರುವ ಹೆಂಗಸು, ಬಾಣಂತಿಗೆ ಹಂದಿಕಾಲಿನ ಸಾರು ಮಾಡೋದು ಅವರಿಗೆ ನಾನು ಹೇಳಿಕೊಡಬೇಕಾ? ಬಸ್ಸಿನ ದಾರಿಯಂತೂ ದೋಣಿಯಲ್ಲಿ ಕೂತ ಹಾಗೆ ಎತ್ತಿ ಎತ್ತಿ ಹಾಕುತ್ತದೆ.

ನಿಮ್ಮಪ್ಪನ ಕೆಮ್ಮು ಹಾಗೇ ಇದೆ. ಬೆನ್ನಿನ ತುರಿಕೆಗೆ ವೀಳ್ಯದೆಲೆ ಕುದಿಸಿದ ನೀರು ಹಾಕುತ್ತಿದ್ದೇನೆ. ನೀನು ಬಸುರಿ ಅಂತ ಹೇಳಿದ ದಿನ ಬಿದಿರಿನ ಹುಕ್ಕಾ ಎಳೆದುಕೊಂಡು ಜಗಲಿಯಲ್ಲಿ ಕೂತವರು ಹೊಗೆಸೊಪ್ಪಿನ ಡಬ್ಬಿ ಖಾಲಿಯಾಗುವವರೆಗೆ ಏಳಲಿಲ್ಲ. ಗಂಡೋ ಹೆಣ್ಣೋ ಅಂತ ಅವರು ಒಂದು ಸಲವೂ ಕೇಳಿಲ್ಲ. 'ಯಾವ ಡಾಕ್ಟ್ರು ನೋಡ್ತಿದಾರಂತೆ?' ಅಂತ ಮಾತ್ರ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳುತ್ತಾರೆ. ನನಗೆ ರೇಗುತ್ತದೆ. ಬೆಳಗಿನಿಂದ ಸಂಜೆಯೊಳಗೆ ಡಾಕ್ಟರು ಬದಲಾಗುತ್ತಾರಾ?

ನಿನ್ನ ತಮ್ಮ ಲಾಮ್ ಚೆನ್ನಾಗಿದ್ದಾನೆ. ಕಾಲುವೆಯಿಂದ ಬಾತುಕೋಳಿಗಳ ಹಿಂಡು ಹಿಂತಿರುಗುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡು ಅವುಗಳಿಗಿಂತ ಜೋರಾಗಿ ಕೂಗುತ್ತಾನೆ. ಇಪ್ಪತ್ತು ದಾಟಿದ ಗಂಡಸು. ನಿಮ್ಮಪ್ಪ ಎತ್ತಿಕೊಂಡು ಸ್ನಾನಕ್ಕೆ ಒಯ್ಯುವಾಗ ಆ ಸಣಕಲು ಕಾಲುಗಳೆರಡೂ ತೂಗಾಡುತ್ತವೆ. 'ನಡಿ ಸಿಪಾಯಿ, ನದಿ ದಾಟೋಣ' ಅಂತಾರೆ. ಅದಕ್ಕೆ ಅವನು ಇವತ್ತಿಗೂ ನಗುತ್ತಾನೆ.

ಹೊತ್ತುಹೊತ್ತಿಗೆ ತಿನ್ನು, ಭಾರ ಎತ್ತಬೇಡ. ಚಪ್ಪಲಿ ಕಾರ್ಖಾನೆಯ ಆ ಅಂಟಿನ ವಾಸನೆಯಲ್ಲಿ ಕೂತಿದ್ದು ಸಾಕು, ರಜ ಕೇಳು.

ನಿನ್ನ
ಅಮ್ಮ

ವಿ.ಸೂ.: ಅನಾನಸ್ ತಿನ್ನಬೇಡ. ನಿನ್ನ ನಾಲಿಗೆ ನನಗೆ ಗೊತ್ತು.


ಥಾಯ್ ಬಿನ್
೯ ಡಿಸೆಂಬರ್ ೨೦೦೩

ಪ್ರೀತಿಯ ಥೋಮ್,

ನಿನ್ನ ಕಾಗದ ತಲುಪಿತು. ಒಲೆಗೆ ಬೇರೆ ಬೆಂಕಿ ಬೇಕಾಗಿರಲಿಲ್ಲ, ಅದನ್ನೇ ಇಟ್ಟಿದ್ದರೆ ಅನ್ನ ಬೇಯುತ್ತಿತ್ತು. ಹುಟ್ಟಿದಾಗಿನಿಂದ ನೀನು ಹೀಗೇ. ಈ ಕೋಪ ಎಲ್ಲಿಂದ ಬಂತು ಅಂತ ನಿಮ್ಮಪ್ಪ ಕೇಳುತ್ತಿದ್ದರು, ಕೇಳಿ ನನ್ನ ಮುಖ ನೋಡುತ್ತಿದ್ದರು. ಈ ಸಲ ತಡ ಮಾಡದೆ ಬರೆಯುತ್ತಿದ್ದೇನೆ. ಹಂದಿಮರಿಗಳ ನೆಪವನ್ನೂ ಹೇಳುವುದಿಲ್ಲ.

ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ ಕೇಳು. 'ಹೆಂಚು ಹಾರಿಹೋಗಿದ್ರೆ ವಿನ್ ಬಂದು ಹಾಕಿಕೊಡ್ತಾನೆ. ನರ್ಸಮ್ಮ ಬರದಿದ್ರೆ ಪಟ್ಟಣದ ಆಸ್ಪತ್ರೆ ಇದೆ. ಚೊಚ್ಚಲಿಗೂ ತವರು ಕರೀಲಿಲ್ಲ ಅಂತ ನಮ್ಮತ್ತೆ ಬಾಯಲ್ಲಿ ಏನೂ ಅನ್ನಲ್ಲ, ಆದ್ರೆ ಸಾರು ಬಡಿಸೋವಾಗ ಸೌಟು ಅನ್ನುತ್ತೆ. ನಾನು ಲಾಮ್ ಮುಖ ನೋಡಬಾರದು ಅಂತಾನಾ ಅಮ್ಮಾ? ಪಕ್ಕದ್ಮನೆ ಗಾಮ್ ಅತ್ತೆ ಮಾತನ್ನ ನೀನೂ ನಂಬಿಬಿಟ್ಯಾ?' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಾನು ನೋಡದೇ ಇದ್ದರೂ ಪರವಾಗಿಲ್ಲ ಅನ್ನುವ ಹಾಗೆ ಬರೆದಿದ್ದೀಯ: 'ಅಪ್ಪನ ಮೈಯಲ್ಲಿ ಸೇರಿದ್ದು ನನ್ನ ಮೈಯಲ್ಲೂ ಇರುತ್ತಾ? ಡಾಕ್ಟ್ರು ಸ್ಕ್ಯಾನ್ ನೋಡಿ ಎಲ್ಲ ಸರಿ ಇದೆ ಅಂತಾರೆ. ನೀನು ಹೇಳು.'

ಡಾಕ್ಟರಿಗೆ ಗೊತ್ತಿಲ್ಲದ್ದನ್ನು ನಾನೇನು ಹೇಳಲಿ ಮಗಳೇ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಿನ್ನ ಮುಂದೆ ನಿಮ್ಮಪ್ಪ ಯಾವತ್ತೂ ಆಡದ ಮಾತುಗಳು ಇವು.

ನಿಮ್ಮಪ್ಪ ಯುದ್ಧಕ್ಕೆ ಅಂತ ದಕ್ಷಿಣಕ್ಕೆ ಹೊರಟಾಗ ಮೀಸೆ ಸರಿಯಾಗಿ ಬಂದಿರಲಿಲ್ಲ. ಬೆಟ್ಟದ ಸಾಲಿನ ಕಾಡಿನಲ್ಲಿ ಅಕ್ಕಿಮೂಟೆ ಹೊರುವ ಕೆಲಸ. ಮೇಲೆ ಮರಗಳು ಎಷ್ಟು ದಟ್ಟ ಅಂದರೆ ಹಾಕಿದ ಬಟ್ಟೆ ತಿಂಗಳುಗಟ್ಟಲೆ ಒಣಗುತ್ತಿರಲಿಲ್ಲವಂತೆ, ಚರ್ಮವೆಲ್ಲ ಬೂಸಲು ಹಿಡಿದಿತ್ತಂತೆ. ಒಂದು ಬೆಳಿಗ್ಗೆ ವಿಮಾನಗಳು ಸಾಲಾಗಿ ಬಂದು ಬಿಳಿ ಮಂಜು ಸುರಿದುಕೊಂಡು ಹೋದವು. ಸೊಳ್ಳೆಗೆ ಔಷಧಿ ಹೊಡೀತಿದಾರೆ ಅಂತ ಯಾರೋ ಅಂದರು, ಎಲ್ಲರೂ ನಂಬಿದರು. ಔಷಧಿ ಅನ್ನುವ ಮಾತೇ ಹಾಗಲ್ಲವಾ, ಹೊಟ್ಟೆನೋವಿಗೂ ಅದೇ, ಹುಳ ಸಾಯಿಸುವುದಕ್ಕೂ ಅದೇ. ಕೆಲವು ದಿನ ಕಳೆದ ಮೇಲೆ ಎಲೆಗಳೆಲ್ಲ ಉದುರಿ ಕಾಡು ಬೋಳಾಯಿತು. 'ಬಿಸಿಲು ಬಂತು ಕಣೇ,' ಅಂದರು ನಿಮ್ಮಪ್ಪ ನನಗೆ, 'ನಾವೆಲ್ಲ ಅಂಗಿ ಬಿಚ್ಚಿ ಬೋಳು ಕೊಂಬೆಗೆ ಹಾಕಿದ್ವಿ. ಒಂದೇ ದಿನಕ್ಕೆ ಒಣಗಿಬಿಟ್ಟವು. ಅಷ್ಟು ಸಂತೋಷ ಆ ಕಾಡಲ್ಲಿ ಇನ್ಯಾವತ್ತೂ ಪಟ್ಟಿಲ್ಲ.' ಹಳ್ಳದಲ್ಲಿ ತೇಲಿದ ಮೀನು ಹಿಡಿದು ತಿಂದರಂತೆ. ಅದೇ ಹಳ್ಳದ ನೀರು ಕುಡಿದರಂತೆ.

ಯುದ್ಧ ಮುಗಿಸಿ ಬಂದವರು ನೋಡಲು ಚೆನ್ನಾಗಿದ್ದರು. ಇಲ್ಲದಿದ್ದರೆ ನಾನು ಒಪ್ಪುತ್ತಿದ್ದೆನಾ? ನೀನು ಹುಟ್ಟಿದೆ, ಗಟ್ಟಿಮುಟ್ಟಾಗಿ, ಕಿರುಚುತ್ತಾ. ನಿನಗೂ ಲಾಮ್‌ಗೂ ನಡುವೆ ನಿಲ್ಲದೆ ಹೋದವು ಎರಡು. ಆಮೇಲೆ ಲಾಮ್. ಅವನಿಗೆ ಲಾಮ್ ಅಂತ, ಕಾಡು ಅಂತ ಹೆಸರಿಟ್ಟಿದ್ದು ನಿಮ್ಮಪ್ಪನೇ. 'ನನ್ನನ್ನ ಬದುಕಿಸಿ ಕಳಿಸಿದ್ದು ಆ ಕಾಡು' ಅಂತ ಹೇಳಿಕೊಂಡು ಓಣಿಗೆಲ್ಲ ಅಕ್ಕಿಯ ಕಳ್ಳು ಹಂಚಿದ್ದರು. ಮಗುವಿನ ಕಾಲು ಇನ್ನೂ ಬಟ್ಟೆಯೊಳಗೇ ಇದ್ದವು, ಯಾರೂ ಬಿಚ್ಚಿ ನೋಡಿರಲಿಲ್ಲ.

ಆಮೇಲಿನ ವರ್ಷಗಳು ನಿನಗೇ ನೆನಪಿರಬೇಕು. ಇದು ಹಿರಿಯರ ಸಮಾಧಿಯ ದೋಷ ಅಂತ ದಿಕ್ಕು ನೋಡುವವನು ಹೇಳಿದ. ನಿಮ್ಮ ತಾತನ ಮೂಳೆಗಳನ್ನು ಅಗೆದು ತೆಗೆದು, ಪರಿಮಳದ ನೀರಿನಲ್ಲಿ ತೊಳೆದು, ಗದ್ದೆಯ ಆ ಮೂಲೆಗೆ ಇಟ್ಟೆವು. ಅಲ್ಲಿಗೆ ನೀರು ಬರುತ್ತದೆ ಅಂತ ಇನ್ನೊಬ್ಬ ಹೇಳಿದ, ದಿಬ್ಬಕ್ಕೆ ಒಯ್ದೆವು. ದಿಬ್ಬದಲ್ಲಿ ಗಾಳಿ ಸರಿಯಿಲ್ಲ ಅಂತ ಮತ್ತೊಬ್ಬ. ಪಾಪ, ಬದುಕಿದ್ದಾಗ ಪಕ್ಕದೂರು ನೋಡದ ಮನುಷ್ಯ, ಸತ್ತ ಮೇಲೆ ನಿಂತ ಕಡೆ ನಿಲ್ಲದ ಹಾಗಾಯಿತು. ಸಮಾಧಿಯದ್ದೂ ಅಲ್ಲ ಅಂತಾದ ಮೇಲೆ ಉಳಿದವಳು ನಾನೊಬ್ಬಳೇ. ನಿಮ್ಮಜ್ಜಿ ಸಾಯುವವರೆಗೂ ನನ್ನ ಹೊಟ್ಟೆಯನ್ನೇ ಬೈದರು. ನಿಮ್ಮಪ್ಪನೂ ಕುಡಿದ ದಿನ ಬೈಯುತ್ತಿದ್ದರು.

ನೀನು ಶಾಲೆ ಮುಗಿಸಿದ ವರ್ಷ ಹನೋಯ್‌ನಿಂದ ಡಾಕ್ಟರುಗಳು ಬಂದು ಹಳೆಯ ಸೈನಿಕರನ್ನೆಲ್ಲ ಕೂರಿಸಿ ಮಾತಾಡಿದರು. ಆ ಬಿಳಿ ಮಂಜು ವಿಷ, ಅದು ಮೈಗೆ ಸೇರಿದವರ ಮಕ್ಕಳಿಗೂ ಇಳಿಯಬಹುದು ಅಂದರಂತೆ. ಖಂಡಿತ ಹೀಗೇ ಅಂತ ಒಂದೊಂದು ಮನೆಯ ಬಗ್ಗೆ ಹೇಳೋಕಾಗಲ್ಲ, ಆದರೆ ನಿಮ್ಮಂಥ ಮನೆಗಳು ಈ ಜಿಲ್ಲೆಯಲ್ಲಿ ತುಂಬ ಇವೆ ಅಂದರಂತೆ. ನಿಮ್ಮಪ್ಪ ಮನೆಗೆ ಬಂದು, ಒಳಗೆ ಬಾರದೆ, ಹಂದಿದೊಡ್ಡಿಯ ಹತ್ತಿರ ನಿಂತರು. ನಾನು ಹೊಟ್ಟು ಕಲಸುತ್ತಿದ್ದೆ. 'ಅಪ್ಪನ ಸಮಾಧಿಯದ್ದಲ್ಲ,' ಅಂದರು. 'ನಿಂದೂ ಅಲ್ಲ. ನಂದು.' ಅಷ್ಟೇ. ಅವತ್ತಿನಿಂದ ನನಗೆ ಒಂದು ಬಿರುಸು ಮಾತು ಆಡಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ತಲೆ ತಗ್ಗಿಸಿ ಉಣ್ಣುತ್ತಾರೆ. ಎಷ್ಟೋ ದಿನ ನಾನೇ ಬೇಕಂತ ಅನ್ನ ಸೀಯಿಸಿದ್ದೇನೆ, ಒಂದು ಸಲ ಬೈದಾರು ಅಂತ. ಬೈಯಲಿಲ್ಲ.

ಅಪ್ಪನ ಮೇಲೆ ನನಗೆ ಸಿಟ್ಟಿದೆಯಾ ಅಂತ ಕೇಳಿದ್ದೀಯ. ಯಾರ ಮೇಲೆ ಸಿಟ್ಟು ಮಾಡಲಿ? ಒದ್ದೆ ಅಂಗಿ ಒಣಗಿತು ಅಂತ ಖುಷಿಪಟ್ಟ ಹುಡುಗನ ಮೇಲಾ?

ಇದೆಲ್ಲ ಗೊತ್ತಿರುವ ಮನುಷ್ಯ ಹೋದ ವಾರ ಏನು ಮಾಡಿದರು ಕೇಳು. ಗುದ್ದಲಿ ಹೆಗಲಿಗೆ ಹಾಕಿಕೊಂಡು ಗದ್ದೆಯ ಕಡೆ ಹೊರಟರು. ಈ ಚಳಿಯಲ್ಲಿ ಏನು ಅಗೆಯುತ್ತಾರೆ ಅಂತ ನಾನು ಹಿಂದೆಯೇ ಹೋದೆ. ನೋಡಿದರೆ ತಾತನ ಸಮಾಧಿಯ ಸುತ್ತ ಗೂಟ ಹೊಡೆದು ಗುರುತು ಮಾಡುತ್ತಿದ್ದಾರೆ! ಯಾವನೋ ಹೊಸ ದಿಕ್ಕು ನೋಡುವವನು ಹೇಳಿದನಂತೆ, ಮಗಳ ಹೆರಿಗೆಗೆ ಮೊದಲು ಪೂರ್ವಕ್ಕೆ ಸರಿಸಿದರೆ ಒಳ್ಳೆಯದು ಅಂತ. ನಾನು ಹೋಗಿ ಸಮಾಧಿಯ ಮೇಲೆ ಕೂತುಬಿಟ್ಟೆ.

'ಏಳು, ಥೋಮ್ ಅಮ್ಮ.'

'ಏಳಲ್ಲ. ಮೊದಲು ನನ್ನನ್ನ ಅಗೀರಿ, ಆಮೇಲೆ ನಿಮ್ಮಪ್ಪನ್ನ ಅಗೀರಿ.'

'ಜನ ನೋಡ್ತಿದಾರೆ ಕಣೇ.'

'ನೋಡ್ಲಿ. ಇವಳ ಗಂಡನಿಗೆ ತಲೆ ಕೆಟ್ಟಿದೆ ಅಂತ ಅವರಿಗೂ ಗೊತ್ತಾಗ್ಲಿ. ಡಾಕ್ಟ್ರು ಹೇಳಿದ್ದು ಮರೆತೋಯ್ತಾ ನಿಮಗೆ? ಇದಕ್ಕೂ ಆ ಮೂಳೆಗೂ ಏನ್ರೀ ಸಂಬಂಧ?'

ಅವರು ಗುದ್ದಲಿ ಊರಿಕೊಂಡು ತುಂಬ ಹೊತ್ತು ಕೆಮ್ಮಿದರು. ಆಮೇಲೆ ಅಂದರು, 'ಗೊತ್ತು ಕಣೇ. ನನ್ನ ರಕ್ತದಲ್ಲಿರೋದನ್ನ ಎತ್ತಿ ಬೇರೆ ಕಡೆ ಇಡೋಕಾಗುತ್ತಾ? ಇದನ್ನಾದ್ರೂ ಇಡ್ತೀನಿ. ಏನಾದ್ರೂ ಒಂದು ಮಾಡ್ಬೇಕಲ್ಲ.'

ನನಗೆ ಅಳು ಬಂತು ಥೋಮ್. ಸಮಾಧಿಯ ಮೇಲೆ ಕೂತೇ ಅತ್ತೆ. ಅವರು ಗೂಟಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡರು. ಇಬ್ಬರೂ ಮನೆಗೆ ಬಂದು ಹಂದಿಗೆ ಮೇವು ಹಾಕಿದೆವು.

ಇನ್ನು ಗಾಮ್ ಅತ್ತೆಯ ಮಾತು. ಅವಳ ಹೆಸರಿಗೆ ಜರಿಬಟ್ಟೆ ಅಂತ ಅರ್ಥ, ಅವಳ ಸೊಸೆ ಲೂವಾಳ ಹೆಸರಿಗೆ ರೇಷ್ಮೆ ಅಂತ. ಮನೆಯಲ್ಲಿರುವುದೆಲ್ಲ ತೇಪೆ ಹಾಕಿದ ಹತ್ತಿ. ಆ ಲೂವಾಗೂ ಈಗ ತಿಂಗಳು ತುಂಬುತ್ತಾ ಬಂದಿದೆ. ನಿನಗೆ ಗೊತ್ತಲ್ಲ, ಬಸುರಿಯರು ನಮ್ಮ ಗೇಟಿನ ಮುಂದೆ ಬರುವುದಿಲ್ಲ. ಬರಲೇಬೇಕಾದರೆ ತಾಳೆಗರಿಯ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು ಓಡುತ್ತಾರೆ, ಲಾಮ್ ಮುಖ ಕಂಡರೆ ಹೊಟ್ಟೆಯಲ್ಲಿರುವುದೂ ಅವನ ಹಾಗೇ ಆಗುತ್ತದೆ ಅಂತ. ಒಂದಿನ ಲೂವಾ ಕೊಳದ ಏರಿ ಸುತ್ತಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ, ತುಂಬಿದ ಹೊಟ್ಟೆ ಹಿಡಿದುಕೊಂಡು ಹೋಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಬೇಲಿಯ ಹತ್ತಿರ ನಿಂತು ಕೂಗಿದೆ.

'ಏ ಗಾಮ್, ನಿನ್ನ ಸೊಸೆ ಆ ಕೆಸರಲ್ಲಿ ಜಾರಿ ಬಿದ್ರೆ ಅದಕ್ಕೂ ನನ್ನ ಮಗನೇ ಕಾರಣ ಅಂತೀಯೇನೇ?'

'ನಾನೇನು ಅಂದೆ ಈಗ? ದಾರಿ ಊರಿಂದು. ಯಾವ ಕಡೆಯಿಂದಾದ್ರೂ ಹೋಗ್ಲಿ.'

'ಹೌದೌದು, ಕೊಳದಲ್ಲಿ ಈಜಿಕೊಂಡು ಹೋಗು ಅನ್ನು. ಮೀನಾದ್ರೂ ಹುಟ್ಲಿ.'

ಅವಳು ಬಾಗಿಲು ಹಾಕಿಕೊಂಡಳು. ಲೂವಾ ಪಾಪ, ಅಲ್ಲೇ ನಿಂತು, 'ದೊಡ್ಡಮ್ಮ, ಕೋಪ ಮಾಡ್ಕೋಬೇಡಿ, ನನಗೆ ಭಯ' ಅಂದಳು. ಅವಳನ್ನು ಏನಂತ ಬೈಯಲಿ? ಅವಳಿಗೂ ನಿನ್ನ ವಯಸ್ಸೇ. ಮಾರನೆಯ ದಿನ ಒಂದು ಬುಟ್ಟಿ ಗೆಣಸು ಅವರ ಬೇಲಿಯ ಮೇಲಿಟ್ಟು ಬಂದೆ.

ಈಗ ಕೇಳು. ಲಾಮ್ ಮುಖ ನೋಡಿದರೆ ನಿನ್ನ ಮಗುವಿಗೆ ಏನೋ ಆಗುತ್ತದೆ ಅಂತ ನಾನು ನಂಬುವುದಿಲ್ಲ. ಅವನ ಮುಖ ನನಗೆ ಊರಿನಲ್ಲೆಲ್ಲ ಚೆಂದದ ಮುಖ. ನಿನ್ನೊಳಗೆ ಏನಿದೆ ಏನಿಲ್ಲ ನನಗೆ ಗೊತ್ತಿಲ್ಲ. ನನಗೆ ಭಯ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೇಗೇ ಹುಟ್ಟಲಿ, ಅದನ್ನು ಮೊದಲು ಎತ್ತಿಕೊಳ್ಳುವ ಕೈ ನನ್ನದಾಗಬೇಕು. ಅದಕ್ಕೇ ಹೀಗೆ ತೀರ್ಮಾನ ಮಾಡಿದ್ದೇನೆ: ನೀನು ಬರಬೇಡ, ನಾನೇ ಬರುತ್ತೇನೆ. ಹೊಸ ವರ್ಷದ ಹಬ್ಬಕ್ಕೆ ಮುಂಚೆಯೇ ಹೊಸ ಅಕ್ಕಿ, ಒಣಗಿಸಿದ ಸೊಪ್ಪು, ಎರಡು ಕೋಳಿ ಕಟ್ಟಿಕೊಂಡು ಬಸ್ಸು ಹತ್ತುತ್ತೇನೆ. ನಿಮ್ಮತ್ತೆಯ ಸೌಟು ಏನನ್ನುತ್ತದೋ ನಾನೂ ಕೇಳಿಸಿಕೊಳ್ಳುತ್ತೇನೆ. ಬಾಣಂತನ ಮುಗಿಯುವವರೆಗೆ ಲಾಮ್‌ನನ್ನು ನಿಮ್ಮಪ್ಪ ನೋಡಿಕೊಳ್ಳುತ್ತಾರೆ. ಅವರಿಗೂ ಏನಾದರೂ ಒಂದು ಮಾಡಬೇಕಲ್ಲ.

ಮನೆಯ ಹಿರಿಯರು ನಿನ್ನನ್ನು ಕಾಯಲಿ. ಅಷ್ಟು ಸಲ ಎತ್ತಿ ಎತ್ತಿ ಇಟ್ಟಿದ್ದಕ್ಕೆ ಕೋಪ ಮಾಡಿಕೊಳ್ಳದೆ ನಿಮ್ಮ ತಾತನೂ ಕಾಯಲಿ. ಚೆನ್ನಾಗಿ ನಿದ್ದೆ ಮಾಡು. ಹೆದರಿಕೆ ಆದಾಗ ವಿನ್‌ನನ್ನು ಎಬ್ಬಿಸು, ಒಬ್ಬಳೇ ಹೆದರಬೇಡ.

ನಿನ್ನ
ಅಮ್ಮ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಇಷ್ಟೆಲ್ಲ ಬರೆದೂ, ಯಾಕೆ ಬರಬೇಡ ಅಂದೆ ಅಂತ ಬರೆಯಲೇ ಇಲ್ಲ.

ನಿನ್ನ ಮೊದಲ ಕಾಗದದ ಜೊತೆ ಫೋಟೋ ಕಳಿಸಿದ್ದೆಯಲ್ಲ, ಸಮುದ್ರದ ದಂಡೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿರುವುದು. ಅದನ್ನು ಲಾಮ್‌ಗೆ ತೋರಿಸಿದೆ. ಕೂಡಲೇ ಗುರುತು ಹಿಡಿದ. ನಿನ್ನನ್ನು ಕಂಡಾಗ ಮಾಡುವ ಆ ಸದ್ದು ಮಾಡಿದ, ನಿನ್ನ ಮೂಗಿನ ಮೇಲೆ ಬೆರಳಿಟ್ಟ. ಬೆರಳು ಕೆಳಗೆ ಸರಿದು ಹೊಟ್ಟೆಯ ಹತ್ತಿರ ನಿಂತಿತು. ಆಮೇಲೆ ತೊಡೆಯ ಮೇಲಿದ್ದ ಹೊದಿಕೆಯನ್ನು ಆ ಸೊಟ್ಟ ಕೈಗಳಿಂದ ಎಳೆದುಕೊಂಡು ಮುಖ ಮುಚ್ಚಿಕೊಂಡ. ಆಟ ಅಂದುಕೊಂಡು ನಾನು ಎಳೆದೆ. ಅವನು ಬಿಡಲಿಲ್ಲ, ಗೋಡೆಯ ಕಡೆ ತಿರುಗಿಬಿಟ್ಟ.

ಲೂವಾ ಟೋಪಿ ಅಡ್ಡ ಹಿಡಿದು ಗೇಟಿನ ಮುಂದೆ ಓಡಿದ ದಿನಗಳಲ್ಲಿ ಅವನು ಹೊದಿಕೆಯೊಳಗೆ ಸೇರಿಕೊಂಡಿದ್ದು ಆಗ ನನಗೆ ನೆನಪಾಯಿತು. ಚಳಿ ಇರಬೇಕು ಅಂದುಕೊಂಡಿದ್ದೆ. ವರ್ಷಾನುಗಟ್ಟಲೆ ಆ ಕಿಟಕಿಯಲ್ಲಿ ಕೂತು, ಹೊಟ್ಟೆ ಹೊತ್ತ ಹೆಂಗಸರೆಲ್ಲ ಮುಖ ಮುಚ್ಚಿಕೊಂಡು ಓಡುವುದನ್ನು ನೋಡಿ ನೋಡಿ, ಮುಚ್ಚಬೇಕಾದ್ದು ತನ್ನ ಮುಖ ಅಂತ ಅವನೇ ತಿಳಿದುಕೊಂಡಿದ್ದಾನೆ. ಚಮಚ ಹಿಡಿಯಲು ಕಲಿಯದ ಮಗ ಇದನ್ನು ಕಲಿತಿದ್ದಾನೆ ಥೋಮ್, ಯಾರೂ ಹೇಳಿಕೊಡದೆ. ಈಗ ನಿನ್ನ ಹೆಸರೆತ್ತಿದರೂ ಮುಚ್ಚಿಕೊಳ್ಳುತ್ತಾನೆ. ನೀನು ಬಾಗಿಲಲ್ಲಿ ಬಂದು ನಿಂತಾಗ ಅವನು ಹಾಗೆ ಮಾಡಿದರೆ ನೋಡುವ ಶಕ್ತಿ ನನಗಿಲ್ಲ.

ನಿಮ್ಮಪ್ಪನಿಗೆ ಇದನ್ನು ಹೇಳಿಲ್ಲ. ಲಾಮ್‌ಗೆ ಈಚೆಗೆ ಚಳಿ ಜಾಸ್ತಿ ಆಗ್ತಿದೆ ಅಂತ ಮೊನ್ನೆ ಸಂತೆಯಿಂದ ಇನ್ನೊಂದು ದಪ್ಪ ಹೊದಿಕೆ ತಂದುಕೊಟ್ಟಿದ್ದಾರೆ.